ಮರಳುಗಾಡಿನ ರೇಸ್ ಲಾರಿಗಳು

ಡಾಕರ್ ರ‍್ಯಾಲಿಯ ಲಾರಿ ದೂರದಿಂದ ನೋಡಿದವರಿಗೆ ಸರಕು ಸಾಗಿಸುವ ಮಾಮೂಲಿ ಲಾರಿಯಂತೆಯೇ ಕಾಣುತ್ತದೆ. ಹಿಂಬದಿಯ ಟಾರ್ಪಾಲು ಸರಿಸಿದರೆ ಸರಕಿನ ಜಾಗದಲ್ಲಿ ಸ್ಟೆಪ್ನಿ ಚಕ್ರಗಳು, ಬಿಡಿಭಾಗಗಳು, ಜಾಕು, ಸಲಿಕೆ. ತೂಕ ಎಂಟು ಟನ್ನಿಗೂ ಹೆಚ್ಚು, ಎಂಜಿನ್ನಿನ ಬಲ ಸುಮಾರು ಸಾವಿರ ಅಶ್ವಶಕ್ತಿ. ಡೀಸೆಲ್ ಟ್ಯಾಂಕು ನೂರಾರು ಲೀಟರ್ ಹಿಡಿಯುತ್ತದೆ. ಮೆದು ಮರಳಿನಲ್ಲಿ ಅದು ಬೇಗ ಬರಿದಾಗುತ್ತದೆ. ಎರಡು ವಾರ, ಹಲವು ಸಾವಿರ ಕಿಲೋಮೀಟರ್ ಈ ಬಂಡಿ ದಿಬ್ಬ, ಕಲ್ಲು, ಒಣಹಳ್ಳಗಳ ಮೇಲೆ ಓಡಬೇಕು.

ಮರಳಿನಲ್ಲಿ ಲಾರಿಯನ್ನು ಉಳಿಸುವುದು ಎಂಜಿನ್ನಿಗಿಂತ ಹೆಚ್ಚಾಗಿ ಟೈರಿನ ಗಾಳಿ. ಒಂದೂಕಾಲು ಮೀಟರ್ ಎತ್ತರದ ಈ ಟೈರುಗಳಿಗೆ ಕ್ಯಾಬಿನ್ನಿನಿಂದಲೇ ಗಾಳಿ ಏರಿಸುವ, ಇಳಿಸುವ ವ್ಯವಸ್ಥೆಯಿದೆ. ದಿಬ್ಬ ಎದುರಾದಾಗ ಗಾಳಿ ಇಳಿಸಿದರೆ ಟೈರು ಅಗಲವಾಗಿ ನೆಲವನ್ನು ಅಪ್ಪಿಕೊಳ್ಳುತ್ತದೆ, ಭಾರ ಹಂಚಿಹೋಗಿ ಚಕ್ರ ಹೂತುಕೊಳ್ಳುವುದಿಲ್ಲ. ಗಟ್ಟಿ ನೆಲ ಬಂದ ಕೂಡಲೇ ಮತ್ತೆ ತುಂಬಬೇಕು. ಇಲ್ಲದಿದ್ದರೆ ಚೂಪುಗಲ್ಲು ಟೈರನ್ನು ಸೀಳುತ್ತದೆ. ಓಡುತ್ತಿರುವಾಗಲೇ ದಿನಕ್ಕೆ ಹತ್ತಾರು ಬಾರಿ ನಡೆಯುವ ಈ ಕೆಲಸ ಸಾಮಾನ್ಯವಾಗಿ ಮೆಕ್ಯಾನಿಕ್‌ನದು. ಕ್ಯಾಬಿನ್ನಿನಲ್ಲಿ ಮೂವರು: ಚಾಲಕ, ದಾರಿ ಹೇಳುವ ನ್ಯಾವಿಗೇಟರ್, ಮೆಕ್ಯಾನಿಕ್. ನೂರು ಕಿಲೋಗಿಂತ ಭಾರದ ಚಕ್ರ ಪಂಕ್ಚರ್ ಆದರೆ ಮೂವರೂ ಕೆಳಗಿಳಿದು ಬದಲಿಸಬೇಕು. ಪತ್ರಿಕೆಗಳಲ್ಲಿ ಬರುವುದು ಚಾಲಕನ ಹೆಸರಾದರೂ ಗೆಲುವು ಮೂವರದ್ದು.

ಕ್ಯಾಬಿನ್ ಎಲ್ಲಿರಬೇಕು ಎಂಬುದೂ ದೊಡ್ಡ ಪ್ರಶ್ನೆ. ಮೂತಿಯಿಲ್ಲದ ಲಾರಿಯಲ್ಲಿ ಮೂವರೂ ಮುಂದಿನ ಆಕ್ಸಲ್‌ನ ನೆತ್ತಿಯ ಮೇಲೆ ಕೂರುತ್ತಾರೆ. ದಿಬ್ಬದಿಂದ ಹಾರಿ ಬಿದ್ದಾಗಿನ ಪೆಟ್ಟು ನೇರ ಬೆನ್ನುಮೂಳೆಗೆ. ಒಂದೊಂದು ಚಕ್ರಕ್ಕೆ ಎರಡೆರಡು ಶಾಕ್ ಅಬ್ಸಾರ್ಬರ್ ಹಾಕಿದರೂ ಈ ಪೆಟ್ಟು ಪೂರ್ತಿ ತಪ್ಪದು. ಹಾಗಾಗಿಯೇ ಕೆಲವು ತಂಡಗಳು ಬಾನೆಟ್ ಇರುವ, ಸೀಟು ಹಿಂದಕ್ಕೆ ಸರಿದ ಲಾರಿಗಳತ್ತ ಹೊರಳಿದವು.

ಫ್ರಾನ್ಸಿನ ಥಿಯರಿ ಸಬೀನ್ ಆರಂಭಿಸಿದ ಈ ರ‍್ಯಾಲಿ ಮೊದಲು ಪ್ಯಾರಿಸ್‌ನಿಂದ ಹೊರಟಿದ್ದು 1978ರ ಡಿಸೆಂಬರ್ 26ರಂದು. ಲಾರಿಗಳಿಗೆ ಪ್ರತ್ಯೇಕ ವಿಭಾಗ ಸಿಕ್ಕಿದ್ದು 1980ರಲ್ಲಿ. ಆ ವರ್ಷ ಗೆದ್ದಿದ್ದು ಅಲ್ಜೀರಿಯಾದ ಸೊನಾಕೊಮ್ ಲಾರಿ. ಸ್ಪರ್ಧಿಸುವ ಈ ಲಾರಿಗಳಲ್ಲದೆ, ಕಾರು, ಬೈಕುಗಳ ಬಿಡಿಭಾಗ ಹೊತ್ತು ಹಿಂದೆ ಬರುವ ಲಾರಿಗಳೂ ಇವೆ.

ಜೆಕ್ ದೇಶದ ಟಾಟ್ರಾ 815 ಓಡಿಸಿ ಕಾರೆಲ್ ಲೋಪ್ರೈಸ್ 1988ರಿಂದ 2001ರೊಳಗೆ ಆರು ಸಲ ಗೆದ್ದರು. ಟಾಟ್ರಾದ ಚಾಸಿಯಲ್ಲಿ ಎರಡು ಉದ್ದ ತೊಲೆಗಳ ಬದಲು ನಡುವೆ ಒಂದೇ ದಪ್ಪ ಕೊಳವೆ. ಎರಡೂ ಕಡೆಯ ಅರ್ಧ ಆಕ್ಸಲ್‌ಗಳು ಬೇರೆಬೇರೆಯಾಗಿ ಏರಿಳಿಯುತ್ತವೆ. ಎಂಜಿನ್ ತಣಿಯುವುದು ಗಾಳಿಯಿಂದ, ನೀರು ಬೇಕಿಲ್ಲ. ಬೆಂಗಳೂರಿನ ಬಿಇಎಂಎಲ್ 1980ರ ದಶಕದಿಂದ ಭಾರತೀಯ ಸೇನೆಗೆ ಕಟ್ಟಿಕೊಟ್ಟ ಟಾಟ್ರಾ ಲಾರಿಗಳೂ ಇದೇ ವಂಶದವು.

ವೇಗದ ಹುಚ್ಚು 1988ರಲ್ಲಿ ಮಿತಿ ಮೀರಿತು. ಡಚ್ ಚಾಲಕ ಯಾನ್ ಡ ರೋಯ್ ಎರಡು ಎಂಜಿನ್‌ಗಳ ಡಾಫ್ ಲಾರಿಯಲ್ಲಿ ಮುಂಚೂಣಿಯ ರೇಸ್ ಕಾರುಗಳಿಗೇ ಸವಾಲೊಡ್ಡಿದರು. ಅದೇ ರ‍್ಯಾಲಿಯಲ್ಲಿ ತಂಡದ ಇನ್ನೊಂದು ಲಾರಿ ಪಲ್ಟಿ ಹೊಡೆದು ನ್ಯಾವಿಗೇಟರ್ ತೀರಿಕೊಂಡರು. ಡಾಫ್ ಹಿಂದೆ ಸರಿಯಿತು. 1989ರಲ್ಲಿ ಲಾರಿಗಳ ಸ್ಪರ್ಧೆಯೇ ನಡೆಯಲಿಲ್ಲ. ಈಗ ಗಂಟೆಗೆ 140 ಕಿಲೋಮೀಟರ್ ಮಿತಿಯಿದೆ. ಇಷ್ಟು ಎತ್ತರದ, ಇಷ್ಟು ಭಾರದ ಬಂಡಿಗೆ ಅದು ಸರಿಯಾದ ಕಡಿವಾಣ.

ನಂತರದ್ದು ರಷ್ಯಾದ ಕಮಾಜ್ ಯುಗ. 1996ರಿಂದ 2022ರವರೆಗೆ ಅದು 19 ಸಲ ಗೆದ್ದಿತು. ಅದರಲ್ಲಿ ಏಳು ಗೆಲುವು ವ್ಲಾದಿಮಿರ್ ಚಾಗಿನ್ ಒಬ್ಬರದೇ. ಉಕ್ರೇನ್ ಯುದ್ಧ ಶುರುವಾದ ನಂತರ ಕಮಾಜ್ ಸ್ಪರ್ಧೆಯಲ್ಲಿಲ್ಲ. ಸೌದಿ ಅರೇಬಿಯಾದಲ್ಲಿ ನಡೆದ 2023, 2024 ಮತ್ತು 2025ರ ರ‍್ಯಾಲಿಗಳಲ್ಲಿ ಗೆದ್ದಿದ್ದು ಇಟಲಿಯ ಇವೆಕೊ ಲಾರಿಗಳು.