ಹರಿದ ಕಿವಿಯೂ ನಿಲ್ಲದ ನೆತ್ತರೂ
(ಆಕಾಶವಾಣಿ ಭಾಷಣ)

ಭಾರತ ಹುಣ್ಣಿಮೆಯ ಆಸುಪಾಸಿನಲ್ಲಿ ಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಕಾರಣಿಕ. ಅದರ ಬೆನ್ನಿಗೇ ಕೊಟ್ಟೂರೇಶ್ವರನ ತೇರು. ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹರಪನಹಳ್ಳಿಗಳ ಹಳ್ಳಿಹಳ್ಳಿಗಳಿಂದ ಹೆಣ್ಣುಮಕ್ಕಳು ಇದ್ದ ಒಡವೆಗಳನ್ನೆಲ್ಲ ತೊಟ್ಟು ಹೊರಡುವ ಕಾಲವದು. ಜಾತ್ರೆಯ ನೂಕುನುಗ್ಗಲಿನಲ್ಲಿ ಸೆರಗಿಗೆ ಸಿಕ್ಕಿಯೋ, ಕಂಕುಳಲ್ಲಿನ ಕೂಸು ಜಗ್ಗಿಯೋ, ಇಲ್ಲವೆ ವರ್ಷಗಟ್ಟಲೆ ತೂಗಿದ ಬೆಂಡೋಲೆ ಜುಮುಕಿಗಳ ಭಾರಕ್ಕೆ ಮೆಲ್ಲಮೆಲ್ಲನೆ ಸೀಳಿಯೋ, ಕಿವಿಯ ಹಾಲೆ ಎರಡಾಗುತ್ತದೆ. "ಕಿವಿ ಹರದೈತ್ರಿ, ಹೊಲಿದು ಕೊಡ್ರಿ" ಎಂದು ಆಸ್ಪತ್ರೆಗೆ ಬರುವವರ ಮೊದಲ ಪ್ರಶ್ನೆ ನೋವಿನದಲ್ಲ, "ರಕ್ತ ಬಾಳ ಹೋಗತೈತೇನ್ರಿ?" ಎಂಬುದು. ಸುರೂಪ ಚಿಕಿತ್ಸೆಯೆಂದರೆ ಸಿನಿಮಾ ತಾರೆಯರ ಮೂಗಿನ ವಿಷಯವೆಂದು ನಗುವವರು ಈ ಹೆಂಗಸರನ್ನು ಕಂಡಿಲ್ಲ. ಶಸ್ತ್ರವೈದ್ಯ ವೃತ್ತಿಯವನಾದ ನನಗೆ ಆ ಪ್ರಶ್ನೆ ಬಲು ಯೋಗ್ಯವಾದದ್ದೆಂದು ತೋರುತ್ತದೆ. ಈ ಹೊತ್ತು ಅದಕ್ಕೆ ಉತ್ತರ ಹೇಳಹೊರಟಿದ್ದೇನೆ.

ಪ್ರಶ್ನೆ ಹಳೆಯದು. ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ ಹರಿದ ಕಿವಿಯನ್ನು ಕೂಡಿಸುವ 15 ವಿಧಾನಗಳನ್ನು ಹೆಸರಿಟ್ಟು ಹೇಳಿದೆ; ಕಡಿದ ಮೂಗನ್ನು ಮತ್ತೆ ಕಟ್ಟುವ ಕ್ರಮವೂ ಅದೇ ಅಧ್ಯಾಯದಲ್ಲಿದೆ. ರಕ್ತವನ್ನು ನಿಲ್ಲಿಸುವುದಕ್ಕೆ ಸುಶ್ರುತ ಕೊಡುವ ಉಪಾಯಗಳು ನಾಲ್ಕು: ಒಗರಿನ ವಸ್ತುಗಳಿಂದ ಗಾಯದ ಬಾಯಿ ಕೂಡಿಸುವ ಸಂಧಾನ, ತಂಪಿನಿಂದ ರಕ್ತವನ್ನು ಹೆಪ್ಪುಗಟ್ಟಿಸುವ ಸ್ಕಂದನ, ಬೂದಿಯಿಂದ ಪಾಚನ, ಕಡೆಗೆ ಬೆಂಕಿಯಿಂದ ದಹನ. ಇಂದಿನ ಶಸ್ತ್ರಶಾಲೆಯಲ್ಲಿ ವಿದ್ಯುತ್ತಿನ ಸೂಜಿಯಿಂದ ರಕ್ತನಾಳದ ತುದಿಯನ್ನು ಸುಡುವುದು ಈ ನಾಲ್ಕನೆಯದರ ಮೊಮ್ಮಗನೇ ಸರಿ.

ಮೊದಲನೆಯದರ ಕಥೆ ನಮ್ಮ ನಾಡಿನ ಯುದ್ಧವೊಂದಕ್ಕೆ ತಗಲಿಕೊಂಡಿದೆ. 1792ರಲ್ಲಿ ಮುಗಿದ ಮೂರನೆಯ ಮೈಸೂರು ಯುದ್ಧದಲ್ಲಿ ಇಂಗ್ಲಿಷರ ಪಡೆಗೆ ಎತ್ತು ಹೊಡೆಯುತ್ತಿದ್ದ ಕಾವಸ್ಜಿ ಎಂಬ ಮರಾಠ ಒಕ್ಕಲಿಗ ಟಿಪ್ಪುವಿನ ಸೈನ್ಯಕ್ಕೆ ಸೆರೆಸಿಕ್ಕಿ, ಮೂಗನ್ನೂ ಒಂದು ಕೈಯನ್ನೂ ಕಳೆದುಕೊಂಡ. ಸುಮಾರು ಒಂದು ವರ್ಷ ಮೂಗಿಲ್ಲದೆ ತಿರುಗಿದವನಿಗೆ ಪುಣೆಯ ಹತ್ತಿರ ಇಟ್ಟಿಗೆ ಮಾಡುವ ಜಾತಿಯ ಒಬ್ಬಾತ ಹೊಸ ಮೂಗನ್ನು ಕಟ್ಟಿಕೊಟ್ಟ. ಮೊಂಡು ಮೂಗಿಗೆ ಮೇಣದ ತೆಳುಹಾಳೆಯನ್ನು ಒತ್ತಿ ಅಳತೆ ತೆಗೆದು, ಅದನ್ನು ಹಣೆಯ ಮೇಲೆ ಚಪ್ಪಟೆಯಾಗಿ ಹರಡಿ, ಅದರ ಸುತ್ತ ಗೆರೆ ಹಾಕಿ, ಅಷ್ಟು ಚರ್ಮವನ್ನು ಬಿಡಿಸಿ, ಎರಡು ಕಣ್ಣುಗಳ ನಡುವೆ ಒಂದು ತೊಟ್ಟನ್ನು ಮಾತ್ರ ಉಳಿಸಿ ಕೆಳಗೆ ತಿರುಗಿಸಿದ. ಆ ತೊಟ್ಟಿನಿಂದ ಹರಿಯುವ ರಕ್ತವೇ ಹೊಸ ಮೂಗಿನ ಜೀವ. ಕೂಡಿಸಿದ ಅಂಚಿಗೆ ಅವನು ಹೊಲಿಗೆ ಹಾಕಲಿಲ್ಲ. ನೀರಿನಲ್ಲಿ ನಾದಿದ ಕಾಚನ್ನು ಬಟ್ಟೆಯ ಪಟ್ಟಿಗಳಿಗೆ ಬಳಿದು ಒಂದರ ಮೇಲೊಂದು ಅಂಟಿಸಿದ. ಎಲೆಯಡಿಕೆಯ ಜೊತೆ ನಾವು ಬಾಯಿಗೆ ಹಾಕಿಕೊಳ್ಳುವ ಕಾಚೇ ಅದು. ಅಂಟು ಎಂದಷ್ಟೇ ವರದಿಯಲ್ಲಿದೆ. ಆದರೆ ಅಷ್ಟು ಒಗರಾದ ವಸ್ತು ಜಿನುಗುವ ನೆತ್ತರಿಗೂ ತಡೆಯಾಗಿರಬೇಕೆಂಬುದು ನನ್ನ ಊಹೆ. 1794ರ ಅಕ್ಟೋಬರಿನಲ್ಲಿ ಲಂಡನ್ನಿನ 'ಜೆಂಟಲ್‌ಮನ್ಸ್ ಮ್ಯಾಗಜೀನ್' ಈ ವೃತ್ತಾಂತವನ್ನು ಚಿತ್ರಸಹಿತ ಅಚ್ಚು ಹಾಕಿತು. ಅದನ್ನು ಅನುಸರಿಸಿ ಜೋಸೆಫ್ ಕಾರ್ಪ್ಯೂ ಎಂಬ ಶಸ್ತ್ರವೈದ್ಯ 1814ರಲ್ಲಿ ಲಂಡನ್ನಿನಲ್ಲಿ ಇಂಥ ಶಸ್ತ್ರಕ್ರಿಯೆ ನಡೆಸಿದ. ಯುರೋಪಿನ ಆಧುನಿಕ ಸುರೂಪ ಚಿಕಿತ್ಸೆ ಮತ್ತೆ ಕಣ್ಣು ತೆರೆದದ್ದು ಹೀಗೆ. ಆ ಇಟ್ಟಿಗೆಯವನ ಹೆಸರನ್ನು ಮಾತ್ರ ಯಾರೂ ಬರೆದಿಡಲಿಲ್ಲ.

ಇಂಥ ಚಿಕಿತ್ಸೆಯಲ್ಲಿ ರಕ್ತದ ವಿಚಾರವಾಗಿ ಇಷ್ಟು ಜಾಗ್ರತೆ ಏಕೆ? ಹೋಗುವ ರಕ್ತ ಬಹುತೇಕ ಅಲ್ಪವೇ; ಪ್ರಾಣಕ್ಕೆ ಅಪಾಯ ಅಪರೂಪ. ಆದರೆ ಎತ್ತಿ ಕೂರಿಸಿದ ಚರ್ಮದ ಅಡಿಯಲ್ಲಿ ರಕ್ತ ಗಂಟುಕಟ್ಟಿದರೆ ಚರ್ಮ ತಳದಿಂದ ಬೇರ್ಪಟ್ಟು ಸಾಯಬಹುದು, ಕೀವಾಗಬಹುದು, ಕಲೆ ದಪ್ಪವಾಗಿ ಉಳಿಯಬಹುದು. ಅಂದಕ್ಕಾಗಿ ಬಂದವರು ಅಂದಗೆಟ್ಟು ಹೋಗಬಾರದಷ್ಟೆ.

ಇಂದು ಮೊದಲು ಕೈಗೆತ್ತಿಕೊಳ್ಳುವ ಔಷಧ ಅಡ್ರಿನಲಿನ್. ನಮ್ಮ ಮೂತ್ರಪಿಂಡಗಳ ನೆತ್ತಿಯ ಮೇಲೆ ಕುಳಿತ ಗ್ರಂಥಿಗಳು ಹೆದರಿಕೆಯ ಹೊತ್ತಿನಲ್ಲಿ ಸುರಿಸುವ ರಸವೇ ಇದು. ಹೆದರಿದವನ ಮುಖ ಬಿಳಿಚಿಕೊಳ್ಳುವುದರಲ್ಲಿ ಇದರ ಪಾಲುಂಟು. 1901ರ ಹೊತ್ತಿಗೆ ಜಪಾನಿನ ಜೊಕಿಚಿ ತಾಕಾಮಿನೆ ಇದನ್ನು ಶುದ್ಧವಾಗಿ ಬೇರ್ಪಡಿಸಿದರು. 1903ರಲ್ಲಿ ಜರ್ಮನಿಯ ಹೈನ್‌ರಿಖ್ ಬ್ರೌನ್ ನೋವು ಮರೆಸುವ ಔಷಧದೊಡನೆ ಬೆರೆಸಿ ತೋರಿಸಿದರು. ಈಗ ಲಿಗ್ನೊಕೇನಿನ ಸೀಸೆಯಲ್ಲಿ 2 ಲಕ್ಷ ಭಾಗಕ್ಕೆ 1 ಭಾಗದಷ್ಟು ಅಡ್ರಿನಲಿನ್ ಸೇರಿಸಿರುವುದು ವಾಡಿಕೆ. ಅಷ್ಟರಿಂದಲೇ ಕಿರುನಾಳಗಳು ಮುದುಡಿ ಕಿವಿಯ ಹಾಲೆ ಬೆಳ್ಳಗಾಗುತ್ತದೆ. ಒಂದೆರಡು ಮಿಲಿಲೀಟರು ಸಾಕು. ಏಳೆಂಟು ನಿಮಿಷ ಕಾದು ಕೊಯ್ಯಬೇಕೆಂದು ನಮಗೆ ಕಲಿಸಿದ್ದರು. 2013ರಲ್ಲಿ ಪ್ರಕಟವಾದ ಪ್ರಯೋಗವೊಂದು, ರಕ್ತ ಅತಿ ಕಡಿಮೆಯಾಗುವುದು ಸುಮಾರು 25 ನಿಮಿಷಗಳ ಮೇಲೆ ಎಂದು ತೋರಿಸಿತು. ಹೊರಗೆ ಸರದಿ ಉದ್ದವಿರುವಾಗ ಇಪ್ಪತ್ತೈದು ನಿಮಿಷ ಸುಮ್ಮನಿರುವುದು ಔಷಧಕ್ಕಿಂತ ದುಬಾರಿ. ಆದರೂ ಕಾಯುವುದೇ ಲೇಸು.

ಅಡ್ರಿನಲಿನ್ನಿನದು ಸಾಲದ ಉಪಕಾರ. ಕೆಲವು ಗಂಟೆಗಳ ಮೇಲೆ ಮುದುಡಿದ ನಾಳಗಳು ಮತ್ತೆ ಅರಳುತ್ತವೆ. ಒಣಗಿದಂತೆ ಕಂಡ ಗಾಯ ರೋಗಿ ಮನೆ ತಲುಪಿದ ಮೇಲೆ ಒಸರತೊಡಗಬಹುದು. ಆದ್ದರಿಂದ ಶಸ್ತ್ರವೈದ್ಯ ಮುಚ್ಚುವ ಮುನ್ನವೇ ಪ್ರತಿ ನಾಳವನ್ನೂ ನೋಡಿಕೊಳ್ಳಬೇಕು. ಇಲ್ಲಿಯೇ ಎರಡನೆಯ ಔಷಧದ ಕೆಲಸ. ಅದರ ಹೆಸರು ಟ್ರಾನೆಕ್ಸಾಮಿಕ್ ಆಮ್ಲ.

ಇದು ರಕ್ತವನ್ನು ಹೆಪ್ಪುಗಟ್ಟಿಸುವುದಿಲ್ಲ. ಕಟ್ಟಿದ ಹೆಪ್ಪನ್ನು ಕಾಯುತ್ತದೆ. ಕೆರೆಯ ಏರಿಯನ್ನು ಬಲ್ಲವರಿಗೆ ಇದನ್ನು ವಿವರಿಸುವುದು ಸುಲಭ. ಗಾಯದ ಬಾಯಿಗೆ ರಕ್ತ ತನ್ನ ನಾರಿನಿಂದಲೇ ಏರಿ ಕಟ್ಟುತ್ತದೆ. ಹಾಗೆ ಕಟ್ಟುತ್ತಿರುವಾಗಲೇ ಪ್ಲಾಸ್ಮಿನ್ ಎಂಬ ಕಿಣ್ವ ಏಡಿಯಂತೆ ಅದನ್ನು ಕೊರೆಯುತ್ತಿರುತ್ತದೆ. ಆ ಕಿಣ್ವ ನಾರನ್ನು ಹಿಡಿಯುವುದು ಲೈಸೀನ್ ಎಂಬ ಅಂಶದ ಮೂಲಕ. ಈ ಔಷಧದ ಕಣ ಲೈಸೀನಿನ ಹೋಲಿಕೆಯದು. ಏಡಿಯ ಕೊಂಡಿಗೆ ಇದೇ ಸಿಕ್ಕಿಕೊಂಡರೆ ಏರಿ ಉಳಿಯಿತು. ಮೂಗಿನ ಶಸ್ತ್ರಕ್ರಿಯೆಗಳಲ್ಲಿ ಇದನ್ನು ಕೊಟ್ಟಾಗ ರಕ್ತಸ್ರಾವವೂ, ಕಣ್ಣುಗಳ ಸುತ್ತ ಕಪ್ಪುಗಟ್ಟುವುದೂ ಕಡಿಮೆಯಾದುದನ್ನು ಅಧ್ಯಯನಗಳು ತೋರಿಸಿವೆ. ರಕ್ತನಾಳದ ಮೂಲಕ ಕೊಡುವುದುಂಟು, ಮಾತ್ರೆಯಾಗಿ ಕೊಡುವುದುಂಟು, ಗಾಯದ ಮೇಲೆ ಅದ್ದಿದ ಬಟ್ಟೆಯನ್ನಿಡುವುದೂ ಉಂಟು.

ಇದನ್ನು ಕಂಡುಹಿಡಿದವರು ಜಪಾನಿನ ಉತಾಕೊ ಒಕಾಮೊಟೊ ಮತ್ತು ಆಕೆಯ ಪತಿ ಶೋಸುಕೆ. ಯುದ್ಧದಲ್ಲಿ ಬಡವಾದ ದೇಶ. ಮಗಳನ್ನು ಬೆನ್ನಿಗೆ ಕಟ್ಟಿಕೊಂಡು ಆಕೆ ಪ್ರಯೋಗಶಾಲೆಯಲ್ಲಿ ದುಡಿದರು. 1962ರಲ್ಲಿ ಫಲಿತಾಂಶ ಪ್ರಕಟವಾಯಿತು. ಆಕೆಯ ಮನಸ್ಸಿನಲ್ಲಿದ್ದದ್ದು ಹೆರಿಗೆಯಲ್ಲಿ ರಕ್ತ ಹೋಗಿ ಸಾಯುವ ತಾಯಂದಿರು. ಆದರೆ ಅದಕ್ಕಾಗಿ ಪರೀಕ್ಷಿಸಿ ನೋಡಲು ತಮ್ಮ ಊರಿನ ಪ್ರಸೂತಿ ವೈದ್ಯರನ್ನು ಒಪ್ಪಿಸಲು ಆಗಲಿಲ್ಲ. ಆ ಪರೀಕ್ಷೆ ಕಡೆಗೂ ನಡೆದು 21 ದೇಶಗಳ 20,060 ತಾಯಂದಿರ ಲೆಕ್ಕ ಹೊರಬಂದದ್ದು 2017ರಲ್ಲಿ. 3 ಗಂಟೆಗಳೊಳಗೆ ಔಷಧ ದೊರೆತವರಲ್ಲಿ ರಕ್ತಸ್ರಾವದ ಸಾವು ಶೇಕಡಾ 1.7ರಿಂದ 1.2ಕ್ಕೆ ಇಳಿದಿತ್ತು. ಉತಾಕೊ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಕೂಡ್ಲಿಗಿಯ ಒಳಹಳ್ಳಿಯಿಂದ ಬಳ್ಳಾರಿಗೋ ದಾವಣಗೆರೆಗೋ ಬಾಣಂತಿಯನ್ನು ಸಾಗಿಸುವಷ್ಟರಲ್ಲಿ ಆ ಮೂರು ಗಂಟೆಗಳಲ್ಲಿ ಎಷ್ಟು ಉಳಿದಿರುತ್ತದೆಂಬುದನ್ನು ಕೇಳುಗರೇ ಎಣಿಸಬಹುದು. ಕಿವಿಯ ಹಾಲೆಗೆ ಬಳಸುವ ಔಷಧ ಹೆರಿಗೆ ಕೋಣೆಯ ಕಪಾಟಿನಲ್ಲಿಯೂ ಇರಬೇಕೆಂದು ನಾನು ಒತ್ತಿ ಹೇಳುವುದು ಅದಕ್ಕೇ.

ಅಪಾಯಗಳನ್ನೂ ಹೇಳಬೇಕು. ಹಿಂದೆ ಕಾಲಿನಲ್ಲಿ, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟಿದ್ದವರಿಗೆ ಇದು ಸಲ್ಲದು. ಮೂತ್ರಪಿಂಡ ಸೋತವರಿಗೆ ಪ್ರಮಾಣ ಇಳಿಸಬೇಕು. ಇದರ ಗಾಜಿನ ಸೀಸೆ ಬೆನ್ನಿಗೆ ಚುಚ್ಚುವ ಅರಿವಳಿಕೆಯ ಸೀಸೆಯನ್ನು ಹೋಲುವುದರಿಂದ ಅದಲುಬದಲಾಗಿ ಸಾವುಗಳು ಸಂಭವಿಸಿವೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಚ್ಚರಿಕೆ ಕೊಟ್ಟಿದೆ. ಎರಡನ್ನೂ ಒಂದೇ ತಟ್ಟೆಯಲ್ಲಿ ಇಡಕೂಡದು. ಇನ್ನೊಂದು ಸಂಗತಿ: ಇದೇ ಮಾತ್ರೆ ಮುಖದ ಬಂಗನ್ನು ತಿಳಿಯಾಗಿಸುತ್ತದೆ. ಚರ್ಮವೈದ್ಯರು ನೋಡಿ ವಿಚಾರಿಸಿ ಕೊಡುವುದು ಬೇರೆ. ಪಕ್ಕದ ಮನೆಯವರ ಚೀಟಿ ಹಿಡಿದು ಔಷಧದ ಅಂಗಡಿಯಲ್ಲಿ ಕೊಂಡು ತಿಂಗಳುಗಟ್ಟಲೆ ನುಂಗುವುದು ಬೇರೆ. ಗರ್ಭನಿರೋಧಕ ಮಾತ್ರೆಯನ್ನೂ ತೆಗೆದುಕೊಳ್ಳುವವರಲ್ಲಿ ಎರಡೂ ಕೂಡಿ ಹೆಪ್ಪುಗಟ್ಟುವ ಭಯ ಹೆಚ್ಚು.

ಕಿವಿ ಹೊಲಿಸಲು ಹೋಗುವವರು ತಾವು ನುಂಗುವ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡೇ ಹೋಗಲಿ. ಆಸ್ಪಿರಿನ್ ತೆಗೆದುಕೊಂಡರೆ ರಕ್ತದ ಪ್ಲೇಟ್‌ಲೆಟ್‌ಗಳು ಅಂಟುವ ಗುಣ ಕಳೆದುಕೊಳ್ಳುತ್ತವೆ. ಹೊಸವು ಹುಟ್ಟಿ ತುಂಬಲು ವಾರದಿಂದ ಹತ್ತು ದಿನ ಬೇಕು. ಆದರೆ ಹೃದಯಕ್ಕೆಂದು ಕೊಟ್ಟ ಆಸ್ಪಿರಿನ್ನನ್ನು ಕಿವಿಯ ಸಲುವಾಗಿ ತಾವಾಗಿಯೇ ನಿಲ್ಲಿಸಬಾರದು, ಕೊಟ್ಟ ವೈದ್ಯರನ್ನು ಕೇಳಬೇಕು. ರಕ್ತದೊತ್ತಡದ ಮಾತ್ರೆಯನ್ನಂತೂ ಆ ಬೆಳಿಗ್ಗೆಯೂ ತಪ್ಪಿಸಬಾರದು. ಗಾಯ ಮಾಗಿದ ಮೇಲೆ ಕೆಲವು ತಿಂಗಳು ಬಿಟ್ಟು ಹೊಸದಾಗಿ ಕಿವಿ ಚುಚ್ಚಿಸುವಾಗ ಹಳೆಯ ಹೊಲಿಗೆಯ ಗೆರೆಯ ಮೇಲೆ ಬೇಡ, ತುಸು ಪಕ್ಕಕ್ಕೆ ಎಂದು ಅಕ್ಕಸಾಲಿಗರಿಗೆ ಹೇಳಬೇಕು. ಭಾರದ ಓಲೆಗೆ ಮಾಟಿ ಕಟ್ಟಿಸಬೇಕು.