ಸಿಲ್ವಿಯಾ: ಮದರಾಸಿನಲ್ಲಿ ಗೋಚರಿಸಿದ ಕ್ಷುದ್ರಗ್ರಹ

ಮಂಗಳ ಮತ್ತು ಗುರುಗ್ರಹಗಳ ಕಕ್ಷೆಗಳ ನಡುವಣ ವಿಶಾಲವಾದ ಅವಕಾಶದಲ್ಲಿ ಲಕ್ಷಾಂತರ ಸಣ್ಣ ಕಾಯಗಳು ಸೂರ್ಯನನ್ನು ಪ್ರದಕ್ಷಿಣೆ ಮಾಡುತ್ತಿವೆ. ಇವಕ್ಕೆ ಕ್ಷುದ್ರಗ್ರಹಗಳೆಂದು ಹೆಸರು. ‘ಕ್ಷುದ್ರ’ ಶಬ್ದಕ್ಕೆ ನೀಚವೆಂಬ ಅರ್ಥವೂ ರೂಢಿಯಲ್ಲಿದೆಯಾದರೂ ಇಲ್ಲಿ ಚಿಕ್ಕದೆಂಬುದಷ್ಟೇ ವಿವಕ್ಷಿತವು. ಚಿಕ್ಕದೆಂದು ಕಡೆಗಣಿಸಿದ್ದೇ ದೊಡ್ಡದರ ಮರ್ಮವನ್ನು ತಿಳಿಸಬಲ್ಲುದೆಂಬುದಕ್ಕೆ ಈ ವರ್ಗದ 87ನೆಯ ಸಂಖ್ಯೆಯ ಸಿಲ್ವಿಯಾ ಉತ್ತಮ ನಿದರ್ಶನವಾಗಿದೆ.

ಸಿಲ್ವಿಯಾ ಮೊದಲು ಮಾನವನ ಅರಿವಿಗೆ ಬಂದದ್ದು ದಕ್ಷಿಣ ಭಾರತದಲ್ಲಿ. ಇಂಗ್ಲೆಂಡಿನಲ್ಲಿ ಜನಿಸಿದ ನಾರ್ಮನ್ ಪಾಗ್ಸನ್ ಎಂಬ ಖಗೋಳಜ್ಞನು 1861ರಲ್ಲಿ ಮದರಾಸಿನ ವೇಧಶಾಲೆಯ ಅಧಿಕಾರವನ್ನು ವಹಿಸಿಕೊಂಡು, 1891ರಲ್ಲಿ ತೀರಿಕೊಳ್ಳುವವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದನು. ನಕ್ಷತ್ರಗಳ ಕಾಂತಿಯನ್ನು ಅಳೆಯಲು ಇಂದಿಗೂ ಬಳಕೆಯಲ್ಲಿರುವ ಪ್ರಮಾಣವನ್ನು 1856ರಲ್ಲಿ ಸೂಚಿಸಿದವನೂ ಈತನೇ. ಮದರಾಸಿಗೆ ಬಂದ ವರ್ಷವೇ ಈತನು ಒಂದು ಕ್ಷುದ್ರಗ್ರಹವನ್ನು ಕಂಡು ಅದಕ್ಕೆ ‘ಏಷ್ಯಾ’ ಎಂದು ಹೆಸರಿಟ್ಟನು.

ಇಂಥ ಶೋಧನೆಗೆ ಬೇಕಾದದ್ದು ತೀಕ್ಷ್ಣದೃಷ್ಟಿಗಿಂತಲೂ ಹೆಚ್ಚಾಗಿ ತಾಳ್ಮೆ. ದೂರದರ್ಶಕದಲ್ಲಿಯೂ ಕ್ಷುದ್ರಗ್ರಹವು ನಕ್ಷತ್ರದಂತೆ ಕೇವಲ ಒಂದು ಬೆಳಕಿನ ಚುಕ್ಕೆಯಾಗಿ ತೋರುತ್ತದೆ. ಆದರೆ ನಕ್ಷತ್ರಗಳು ಪರಸ್ಪರ ಸ್ಥಾನವನ್ನು ಬದಲಿಸದಿರುವಾಗ ಕ್ಷುದ್ರಗ್ರಹವು ಅವುಗಳ ನಡುವೆ ರಾತ್ರಿಯಿಂದ ರಾತ್ರಿಗೆ ಸ್ವಲ್ಪಸ್ವಲ್ಪವೇ ಸರಿಯುತ್ತದೆ. ಛಾಯಾಚಿತ್ರದ ನೆರವಿಲ್ಲದ ಆ ಕಾಲದಲ್ಲಿ ಆಕಾಶವನ್ನು ನಕ್ಷೆಯೊಡನೆ ಹೋಲಿಸುತ್ತ ಈ ಚಲನೆಯನ್ನು ಗುರುತಿಸಬೇಕಾಗಿತ್ತು. 1866ರ ಮೇ 16ರಂದು ಪಾಗ್ಸನ್ನನಿಗೆ ಕಂಡದ್ದು ಹೀಗೆ ಸರಿಯುವ ಒಂದು ಚುಕ್ಕೆ. ರೋಮ್ ನಗರದ ಸ್ಥಾಪಕರೆನ್ನಲಾದ ರೊಮುಲಸ್ ಮತ್ತು ರೆಮಸ್ ಎಂಬ ಅವಳಿಮಕ್ಕಳ ತಾಯಿಯಾಗಿ ಪುರಾಣಕಥೆಯಲ್ಲಿ ಬರುವ ರಿಯಾ ಸಿಲ್ವಿಯಾಳ ಹೆಸರನ್ನು ಅದಕ್ಕೆ ಇಡಲಾಯಿತು.

ಸಿಲ್ವಿಯಾ ಕ್ಷುದ್ರಗ್ರಹ ಪಟ್ಟಿಯ ಹೊರ ಅಂಚಿನಲ್ಲಿದೆ. ಸೂರ್ಯನಿಂದ ಅದರ ಸರಾಸರಿ ದೂರ, ಭೂಮಿಯ ದೂರದ ಸುಮಾರು ಮೂರೂವರೆಯಷ್ಟು. ಒಂದು ಪ್ರದಕ್ಷಿಣೆಗೆ ಹಿಡಿಯುವ ಕಾಲ ಸುಮಾರು 6½ ವರ್ಷ. ತನ್ನ ಅಕ್ಷದಲ್ಲಿ ಒಮ್ಮೆ ತಿರುಗಲು ಐದು ಗಂಟೆಗಳಿಗೆ ತುಸು ಹೆಚ್ಚು. ಗುಂಡಗಿರದೆ ನೀಳವಾಗಿರುವ ಈ ಕಾಯದ ಸರಾಸರಿ ವ್ಯಾಸ ಸುಮಾರು 270 ಕಿಲೋಮೀಟರ್.

ಆದರೆ ಅದರ ತೂಕವೆಷ್ಟು? ಒಳಗಿರುವುದು ಗಟ್ಟಿಬಂಡೆಯೋ, ಬೇರೇನೋ? ಬೆಳಕಿನ ಚುಕ್ಕೆ ಇದನ್ನು ಹೇಳದು. ಉತ್ತರ ದೊರೆತದ್ದು ಶೋಧನೆಯಾಗಿ ಸುಮಾರು ಒಂದೂಕಾಲು ಶತಮಾನಕ್ಕೂ ಹೆಚ್ಚು ಕಾಲ ಕಳೆದ ಮೇಲೆ. 2001ರಲ್ಲಿ ಹವಾಯಿ ದ್ವೀಪದ ಕೆಕ್ ದೂರದರ್ಶಕದಿಂದ ಸಿಲ್ವಿಯಾದ ಒಂದು ಉಪಗ್ರಹವೂ, 2004ರಲ್ಲಿ ಚಿಲಿ ದೇಶದ ಬೃಹತ್ ದೂರದರ್ಶಕದಿಂದ ಇನ್ನೊಂದೂ ಕಂಡವು. ಎರಡು ಉಪಗ್ರಹಗಳುಳ್ಳ ಕ್ಷುದ್ರಗ್ರಹವು ಅರಿವಿಗೆ ಬಂದದ್ದು ಅದೇ ಮೊದಲು. ತಾಯಿಯ ಹೆಸರು ಮೊದಲೇ ಇದ್ದುದರಿಂದ ಅವಕ್ಕೆ ರೊಮುಲಸ್, ರೆಮಸ್ ಎಂಬ ಹೆಸರುಗಳೇ ಸಂದವು.

ಹೊಲ ಕಾಯುವವನು ಕವಣೆಯನ್ನು ತಿರುಗಿಸುವಾಗ, ಕಲ್ಲು ಹೆಚ್ಚು ವೇಗವಾಗಿ ಸುತ್ತಿದಷ್ಟೂ ಕೈಯ ಹಿಡಿತ ಬಲವಾಗಿರಬೇಕು. ಉಪಗ್ರಹವನ್ನು ಹಿಡಿದಿಡುವುದು ಗುರುತ್ವಾಕರ್ಷಣೆ. ರೊಮುಲಸ್ ಸುಮಾರು 1,360 ಕಿಲೋಮೀಟರ್ ದೂರದಲ್ಲಿದ್ದು ಸುಮಾರು 3⅔ ದಿನಗಳಲ್ಲಿ ಸುತ್ತುತ್ತದೆ. ಈ ದೂರ ಮತ್ತು ಕಾಲಗಳಿಂದ ಸೆಳೆತದ ಬಲವನ್ನೂ, ಅದರಿಂದ ಸಿಲ್ವಿಯಾದ ದ್ರವ್ಯರಾಶಿಯನ್ನೂ ಗಣಿಸಬಹುದು. ಹಾಗೆ ಗಣಿಸಿದಾಗ ಅದರ ಸಾಂದ್ರತೆ ನೀರಿಗಿಂತ ಸ್ವಲ್ಪವೇ ಹೆಚ್ಚೆಂದು ತಿಳಿಯಿತು. ಗಟ್ಟಿಬಂಡೆಯಾಗಿದ್ದರೆ ಇದರ ಎರಡರಷ್ಟಾದರೂ ಇರಬೇಕಾಗಿತ್ತು. ಆದ್ದರಿಂದ ಅದರೊಳಗೆ ಪೊಳ್ಳುಗಳೂ ಹಿಮಾಂಶವೂ ಸಾಕಷ್ಟಿರಬೇಕೆಂದು ವಿದ್ವಾಂಸರು ಊಹಿಸಿದ್ದಾರೆ.

ಮದರಾಸಿನ ಆ ವೇಧಶಾಲೆ ಇಂದಿಲ್ಲ. ಅದರ ಪರಂಪರೆ ಕೊಡೈಕನಾಲಿನ ಮೂಲಕ ಹರಿದುಬಂದು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯಲ್ಲಿ ಮುಂದುವರಿದಿದೆ. ಪಾಗ್ಸನ್ನನು ತನ್ನ ಚುಕ್ಕೆಯ ಸುತ್ತ ಅವಳಿಗಳಿರುವುದನ್ನು ಅರಿಯದೆಯೇ ಕಣ್ಮುಚ್ಚಿದನು. ಆದರೂ ಆತನು ಅಂದು ಶ್ರದ್ಧೆಯಿಂದ ಗುರುತು ಹಾಕಿಟ್ಟುದರಿಂದಲೇ ಮುಂದಿನವರು ಅದನ್ನು ಮತ್ತೆ ಮತ್ತೆ ನೋಡುವಂತಾಯಿತು. ತಾನು ಕಂಡಷ್ಟನ್ನು ತಪ್ಪಿಲ್ಲದೆ ಬರೆದಿಡುವುದು, ಉಳಿದುದನ್ನು ಮುಂದಿನ ಪೀಳಿಗೆಗೆ ಬಿಡುವುದು, ಇದೇ ವಿದ್ಯೆಯ ಮಾರ್ಗವೆಂಬುದನ್ನು ವಿದ್ಯಾರ್ಥಿಗಳು ಮನಗಾಣಬೇಕು.