ಮಾಯದ ಹುಣ್ಣು: ಚರ್ಮದ ಏಡಿಗಂತಿಯ ಪರಿಚಯ

ಬಾಗಲಕೋಟೆಯಿಂದ ಬಾದಾಮಿಗೆ, ಅಲ್ಲಿಂದ ಹುನಗುಂದ, ಇಳಕಲ್ಲುಗಳಿಗೆ ಬೇಸಗೆಯಲ್ಲಿ ಪಯಣಿಸಿದವರಿಗೆ ಆ ಸೀಮೆಯ ಬಿಸಿಲನ್ನು ವರ್ಣಿಸಿ ಹೇಳಬೇಕಾದುದಿಲ್ಲ. ಬಾದಾಮಿಯ ಮರಳುಗಲ್ಲಿನ ಬೆಟ್ಟಗಳು ಕಾದ ಹಂಚಿನಂತಿರುತ್ತವೆ. ಇಳಕಲ್ಲಿನ ಕೆಂಪು ಗ್ರಾನೈಟ್ ಗಣಿಗಳಲ್ಲಿ ನೆರಳೆಂಬುದೇ ದುರ್ಲಭ. ಆ ಬಿಸಿಲಿನಲ್ಲಿಯೇ ರೈತನು ಎರೆಹೊಲವನ್ನು ಹರಗುತ್ತಾನೆ, ಕಲ್ಲುಕುಟಿಗನು ಬಂಡೆಯನ್ನು ಸೀಳುತ್ತಾನೆ. ಬಿಸಿಲು ಚರ್ಮದ ಏಡಿಗಂತಿಗೆ, ಅಂದರೆ ಕ್ಯಾನ್ಸರಿಗೆ, ಮುಖ್ಯ ಕಾರಣವೆಂದು ವಿಜ್ಞಾನವು ಹೇಳುತ್ತದೆ. ಹಾಗಿದ್ದರೆ ಈ ನಾಡಿನಲ್ಲಿ ಆ ರೋಗವು ಮನೆಮನೆಯಲ್ಲಿಯೂ ಇರಬೇಕಾಗಿತ್ತಲ್ಲವೇ? ಆದರೆ ಹಾಗಿಲ್ಲ. ಆಸ್ಟ್ರೇಲಿಯದಲ್ಲಿ ಎಪ್ಪತ್ತು ವರ್ಷ ತುಂಬುವುದರೊಳಗೆ ಮೂವರಲ್ಲಿ ಇಬ್ಬರಿಗೆ ಯಾವುದಾದರೊಂದು ಬಗೆಯ ಚರ್ಮದ ಕ್ಯಾನ್ಸರ್ ತಗಲುತ್ತದೆಂದು ಅಂದಾಜು ಮಾಡಿದ್ದಾರೆ. ನಮ್ಮಲ್ಲಿ ಅದು ವಿರಳ.

ಈ ವಿರಳತೆಯು ನಮ್ಮ ಭಾಗ್ಯವೇ ಸರಿ. ಆದರೆ ಅದರಿಂದಲೇ ಒಂದು ಕೇಡೂ ಹುಟ್ಟಿದೆ. “ಅದು ಬಿಳಿಯರ ರೋಗ” ಎಂಬ ಭಾವನೆಯಿಂದ, ವರ್ಷಗಟ್ಟಲೆ ಮಾಯದ ಹುಣ್ಣೊಂದನ್ನು ಅರಿಸಿನ ಹಚ್ಚಿ, ಮುಲಾಮು ಸವರಿ ಕಾಲಕಳೆಯುವವರು ಬಹು ಮಂದಿ. ಆರಂಭದಲ್ಲಿ ಒಂದು ಸಣ್ಣ ಶಸ್ತ್ರಕ್ರಿಯೆಯಿಂದ ಮುಗಿಯಬಹುದಾದ ರೋಗವು ಕೊನೆಗೆ ಕಾಲನ್ನೋ ಪ್ರಾಣವನ್ನೋ ಕೇಳುವಂತಾಗುತ್ತದೆ. ಆದುದರಿಂದ ಈ ರೋಗದ ಬಗೆ, ಕಾರಣ, ಚಿಕಿತ್ಸೆಗಳನ್ನು ತಿಳಿದಿರುವುದು ಒಳ್ಳೆಯದು.

ಎರಡು ಮುಖ್ಯ ಬಗೆ

ನಮ್ಮ ಚರ್ಮದ ಹೊರಪದರವು ಜೀವಕೋಶಗಳ ಹಲವು ಹಾಸುಗಳಿಂದಾದುದು. ಎಲ್ಲಕ್ಕೂ ಕೆಳಗಿನ ಹಾಸಿನಲ್ಲಿ ಬುಡಕೋಶಗಳು ಸದಾ ಒಡೆದು ಇಮ್ಮಡಿಯಾಗುತ್ತಿರುತ್ತವೆ. ಹೊಸ ಕೋಶಗಳು ಮೇಲೇರುತ್ತ ಚಪ್ಪಟೆಯಾಗಿ, ಹುರುಪೆಗಳಾಗಿ, ಕೆಲವು ವಾರಗಳಲ್ಲಿ ಉದುರಿಹೋಗುತ್ತವೆ. ಬುಡದ ಹಾಸಿನ ನಡುನಡುವೆ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯವನ್ನು ತಯಾರಿಸುವ ವರ್ಣಕೋಶಗಳಿರುತ್ತವೆ. ಇವುಗಳಲ್ಲಿ ಹುಟ್ಟುವ ಏಡಿಗಂತಿಯೇ ಮೆಲನೋಮ. ಅದು ಅತ್ಯಂತ ಉಗ್ರವಾದುದಾದರೂ ಸಂಖ್ಯೆಯಲ್ಲಿ ಕಡಿಮೆ. ಉಳಿದ ಏಡಿಗಂತಿಗಳಲ್ಲಿ ಎರಡು ಮುಖ್ಯ. ನಾವು ಇಲ್ಲಿ ಹೇಳಹೊರಟಿರುವುದು ಅವುಗಳನ್ನೇ.

ಮೊದಲನೆಯದು ಬುಡಕೋಶದ ಏಡಿಗಂತಿ. ಇದು ಹೆಚ್ಚಾಗಿ ಮುಖದ ಮೇಲೆ, ಮೂಗಿನ ಬದಿಯಲ್ಲಿ, ಕಣ್ಣಿನ ಅಂಚಿನಲ್ಲಿ ಮುತ್ತಿನಂತೆ ಹೊಳೆಯುವ ಸಣ್ಣ ಗುಳ್ಳೆಯಾಗಿ ಆರಂಭವಾಗುತ್ತದೆ. ನಮ್ಮ ಕಂದು ಚರ್ಮದಲ್ಲಿ ಅದು ಅನೇಕ ಸಲ ಕಪ್ಪಾಗಿಯೇ ಇರುವುದರಿಂದ ಮಚ್ಚೆಯೆಂದು ತಿಳಿಯುವುದು ಸಹಜ. ಕ್ರಮೇಣ ನಡುವೆ ಹುಣ್ಣಾಗುತ್ತದೆ. ಡಬ್ಲಿನ್ನಿನ ಆರ್ಥರ್ ಜೇಕಬ್ ಎಂಬ ವೈದ್ಯನು 1827ರಲ್ಲಿಯೇ ಇದನ್ನು ವರ್ಣಿಸಿದ್ದನು. ಇದು ಬಹು ನಿಧಾನವಾಗಿ ಬೆಳೆಯುತ್ತದೆ. ಬೇರೆ ಅಂಗಗಳಿಗೆ ಹರಡುವುದು ತೀರ ಅಪರೂಪ. ಆದರೆ ಬಿಟ್ಟರೆ ಇಲಿ ಕೊರೆದಂತೆ ಮೂಗು, ಕಣ್ಣು, ಎಲುಬುಗಳನ್ನು ಕೊರೆಯುತ್ತ ಹೋಗುತ್ತದೆ.

ಎರಡನೆಯದು ಚಪ್ಪಟೆಕೋಶದ ಏಡಿಗಂತಿ. ಇದು ಗಡುಸಾದ, ಹುರುಪೆಗಟ್ಟಿದ ಗಂಟಾಗಿ ಅಥವಾ ದಡವೆದ್ದ ಹುಣ್ಣಾಗಿ ಕಾಣುತ್ತದೆ. ಮುಟ್ಟಿದರೆ ರಕ್ತ ಒಸರುತ್ತದೆ. ಇದು ತೊಡೆಸಂದು, ಕಂಕುಳು ಅಥವಾ ಕತ್ತಿನ ಹಾಲುಗ್ರಂಥಿಗಳಿಗೆ ಹರಡಬಲ್ಲುದು. ಆದುದರಿಂದ ಮೊದಲನೆಯದಕ್ಕಿಂತ ಇದು ಅಪಾಯಕರ.

ಬಿಸಿಲು ಮಾಡುವುದೇನು?

ಸೂರ್ಯನ ಬೆಳಕಿನಲ್ಲಿ ಕಣ್ಣಿಗೆ ಕಾಣದ ಅತಿನೇರಿಳೆ ಕಿರಣಗಳುಂಟು. ಇವು ಜೀವಕೋಶದೊಳಗಿನ ಡಿ.ಎನ್.ಎ. ಎಂಬ ವಂಶವಸ್ತುವಿನ ಎಳೆಯಲ್ಲಿ ಅಕ್ಕಪಕ್ಕದ ಘಟಕಗಳನ್ನು ತಪ್ಪಾಗಿ ಬೆಸೆದುಬಿಡುತ್ತವೆ. ಮಗ್ಗದ ಹಾಸಿನಲ್ಲಿ ಎರಡು ಎಳೆಗಳು ಒಂದಕ್ಕೊಂದು ಗಂಟುಬಿದ್ದರೆ ನೇಯ್ಗೆಯೇ ಕೆಡುವುದನ್ನು ಇಳಕಲ್ಲಿನ ನೇಕಾರರು ಬಲ್ಲರು. ಇಲ್ಲಿಯೂ ಹಾಗೆಯೇ. ಕೋಶದಲ್ಲಿರುವ ಕೆಲವು ಕಿಣ್ವಗಳು ಇಂಥ ಗಂಟುಗಳನ್ನು ಕತ್ತರಿಸಿ ಸರಿಪಡಿಸುತ್ತಲೇ ಇರುತ್ತವೆ. ಆದರೆ ಹತ್ತಾರು ವರ್ಷಗಳಲ್ಲಿ ಸರಿಯಾಗದೆ ಉಳಿದ ತಪ್ಪುಗಳು ಸೇರುತ್ತ ಹೋಗಿ, ಕೋಶದ ಬೆಳವಣಿಗೆಯ ಲಗಾಮು ತಪ್ಪುತ್ತದೆ. ಅದೇ ಏಡಿಗಂತಿ.

ಮೆಲನಿನ್ ಈ ಕಿರಣಗಳನ್ನು ಹೀರಿಕೊಂಡು ಕೋಶದ ತಲೆಯ ಮೇಲೆ ಕೊಡೆಯಂತೆ ನಿಲ್ಲುತ್ತದೆ. ನಮ್ಮ ಜನರ ರಕ್ಷಣೆಯ ಗುಟ್ಟು ಇದೇ. ಆದರೆ ಈ ಕೊಡೆ ಇಲ್ಲದವರೂ ನಮ್ಮ ನಡುವೆ ಇದ್ದಾರೆ. ಹುಟ್ಟಿನಿಂದಲೇ ಕೂದಲು, ಚರ್ಮ, ಕಣ್ಣುಗಳಲ್ಲಿ ಬಣ್ಣವಿಲ್ಲದವರು, ಎಂದರೆ ಆಲ್ಬಿನೋಗಳು, ಚಿಕ್ಕ ವಯಸ್ಸಿನಲ್ಲಿಯೇ ಈ ರೋಗಕ್ಕೆ ತುತ್ತಾಗಬಹುದು. ಅವರನ್ನು ಹೊಲದ ಕೆಲಸಕ್ಕೆ ಹಚ್ಚುವುದು ಸರ್ವಥಾ ಸಲ್ಲದು. ಇನ್ನು ಕೆಲವರಲ್ಲಿ ಗಂಟು ಬಿಡಿಸುವ ಕಿಣ್ವವೇ ಹುಟ್ಟಿನಿಂದ ದೋಷಯುಕ್ತವಾಗಿರುತ್ತದೆ. ಜೀರೋಡರ್ಮ ಪಿಗ್ಮೆಂಟೋಸಮ್ ಎಂಬ ಈ ರೋಗದ ಮೂಲವು ದುರಸ್ತಿಯ ದೋಷವೆಂಬುದನ್ನು ಜೇಮ್ಸ್ ಕ್ಲೀವರ್ ಎಂಬ ವಿಜ್ಞಾನಿ 1968ರಲ್ಲಿ ತೋರಿಸಿಕೊಟ್ಟನು. ಇಂಥ ಮಕ್ಕಳ ಮುಖದ ತುಂಬ ಕಪ್ಪು ಚುಕ್ಕೆಗಳೆದ್ದು, ಬೆಳಕು ಕಂಡರೆ ಕಣ್ಣು ಮುಚ್ಚುತ್ತವೆ. ಹತ್ತು ವರ್ಷದೊಳಗೇ ಏಡಿಗಂತಿ ಕಾಣಿಸಿಕೊಳ್ಳಬಹುದು. ತಂದೆತಾಯಿ ಇಬ್ಬರಿಂದಲೂ ದೋಷ ಬಂದಾಗ ಮಾತ್ರ ಇದು ತಲೆದೋರುವುದರಿಂದ, ಅಕ್ಕನ ಮಗಳನ್ನೂ ಸೋದರಮಾವನ ಮಗಳನ್ನೂ ತಂದುಕೊಳ್ಳುವ ಪದ್ಧತಿಯುಳ್ಳ ನಮ್ಮ ಸೀಮೆಯು ಇದನ್ನು ವಿಶೇಷವಾಗಿ ಯೋಚಿಸಬೇಕು.

ಗಾಯದ ಕಲೆಯೂ ಸೊಂಟದ ಲಾಡಿಯೂ

ನಮ್ಮ ದೇಶದಲ್ಲಿ ಚಪ್ಪಟೆಕೋಶದ ಏಡಿಗಂತಿಯು ಬಿಸಿಲು ತಾಗದ ಜಾಗದಲ್ಲಿಯೂ ಹುಟ್ಟುವುದು ಗಮನಿಸತಕ್ಕ ಸಂಗತಿ. ಅದರ ಕಾರಣ ಬಹುಕಾಲದ ಗಾಯ. ಫ್ರಾನ್ಸಿನ ಶಸ್ತ್ರವೈದ್ಯ ಮಾರ್ಜೋಲಿನ್ 1828ರಲ್ಲಿ ಹಳೆಯ ಕಲೆಗಳ ಮೇಲೇಳುವ ಹುಣ್ಣುಗಳನ್ನು ವರ್ಣಿಸಿದನು. ಇಂಥವುಗಳಿಗೆ ಇಂದಿಗೂ ಅವನದೇ ಹೆಸರು. ಬಾಲ್ಯದಲ್ಲಿ ಒಲೆಗೆ ಬಿದ್ದು ಸುಟ್ಟ ಕಾಲಿನ ಕಲೆಯು ಮೂವತ್ತು ವರ್ಷಗಳ ಮೇಲೆ ಬಿರಿದು ಹುಣ್ಣಾಗಿ ಏಡಿಗಂತಿಯಾಗಬಹುದು. ಕುಷ್ಠರೋಗದಿಂದ ಸ್ಪರ್ಶಜ್ಞಾನ ಹೋದ ಅಂಗಾಲಿನಲ್ಲಿ ಬಹುವರ್ಷ ಉಳಿದ ಹುಣ್ಣೂ ಹಾಗೆಯೇ. ಕಾಶ್ಮೀರದವರು ಚಳಿಗಾಲದಲ್ಲಿ ನಿಲುವಂಗಿಯೊಳಗೆ ಕಾಂಗ್ರಿ ಎಂಬ ಕೆಂಡದ ಕುಡಿಕೆಯನ್ನು ಇರಿಸಿಕೊಳ್ಳುವರು. ಅವರ ಹೊಟ್ಟೆ, ತೊಡೆಗಳಲ್ಲಿ ಹುಟ್ಟುವ ಕಾಂಗ್ರಿ ಕ್ಯಾನ್ಸರ್ ಲೋಕಪ್ರಸಿದ್ಧ.

ಇಳಕಲ್ಲಿನವರಿಗೆ ಇನ್ನೂ ಹತ್ತಿರದ ಉದಾಹರಣೆಯುಂಟು. ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯ ಡಾ. ವಿ. ಆರ್. ಖಾನೋಲ್ಕರ್ ಮತ್ತು ಸೂರ್ಯಾಬಾಯಿಯವರು 1945ರಲ್ಲಿ, ಸೊಂಟದ ಮೇಲೆ ಧೋತರದ ಕಟ್ಟು ಬೀಳುವಲ್ಲಿಯೇ ಹುಟ್ಟುವ ಏಡಿಗಂತಿಯನ್ನು ವರ್ಣಿಸಿ ‘ಧೋತಿ ಕ್ಯಾನ್ಸರ್’ ಎಂದರು. ಸೀರೆ ಉಡುವ ಹೆಂಗಸರಲ್ಲಿಯೂ ಅದೇ ಕಂಡುಬಂದು ‘ಸೀರೆ ಕ್ಯಾನ್ಸರ್’ ಎಂಬ ಹೆಸರಾಯಿತು. 2024ರಲ್ಲಿ ವರ್ಧಾ ಹಾಗೂ ಬಿಹಾರದ ಮಧುಬನಿಯ ವೈದ್ಯರು ಇಬ್ಬರು ವೃದ್ಧೆಯರ ವಿಷಯವನ್ನು ಪ್ರಕಟಿಸಿದರು. ಒಬ್ಬಳು ಲಂಗದ ಲಾಡಿಯನ್ನು ಬಿಗಿಯಾಗಿ ಕಟ್ಟುತ್ತಿದ್ದವಳು. ಇನ್ನೊಬ್ಬಳು ಲಂಗವಿಲ್ಲದೆ ಸೀರೆಯನ್ನೇ ಸೊಂಟಕ್ಕೆ ಬಿಗಿದುಡುತ್ತಿದ್ದವಳು. ಇಬ್ಬರಿಗೂ ಸೊಂಟದ ಬದಿಯಲ್ಲಿ ಮಾಯದ ಹುಣ್ಣಾಗಿ ಅದೇ ಏಡಿಗಂತಿಯಾಗಿತ್ತು.

ಇದರಲ್ಲಿ ಸೀರೆಯ ತಪ್ಪೇನೂ ಇಲ್ಲ. ಒಂದೇ ಜಾಗದಲ್ಲಿ ದಿನವೂ ಒತ್ತುವ ಬಿಗಿತ, ಬೆವರು ಮತ್ತು ಉಜ್ಜುವಿಕೆಗಳೇ ಚರ್ಮವನ್ನು ಕೆಡಿಸುವುವು. ಆದುದರಿಂದ ಭಯಪಟ್ಟು ಸೀರೆಯನ್ನು ಬಿಡಬೇಕಾಗಿಲ್ಲ. ಇಂಥ ಏಡಿಗಂತಿ ಬಹು ಅಪರೂಪ. ಸಣ್ಣ ಲಾಡಿಗೆ ಬದಲು ಅಗಲವಾದ ಪಟ್ಟಿಯನ್ನು ಬಳಸುವುದು, ಸಡಿಲವಾಗಿ ಕಟ್ಟುವುದು, ಕಟ್ಟುವ ಎತ್ತರವನ್ನು ಆಗಾಗ ಬದಲಿಸುವುದು, ಇಷ್ಟು ಸಾಕು. ಸೊಂಟದಲ್ಲಿ ಕಪ್ಪಾಗಿ, ತುರಿಸಿ, ಸಿಪ್ಪೆಯೇಳುವ ಪಟ್ಟಿ ಕಂಡರೆ ಆಗಲೇ ಎಚ್ಚರಗೊಳ್ಳಬೇಕು.

ನೀರಿನಲ್ಲಿಯ ವಿಷ

ಮೂರನೆಯ ಕಾರಣ ಆರ್ಸೆನಿಕ್, ಅಂದರೆ ಪಾಷಾಣ. ಚಿನ್ನದ ಅದಿರಿರುವ ಶಿಲೆಗಳೊಡನೆ ಇದು ಸೇರಿರುವುದುಂಟು. ಬಾಗಲಕೋಟೆಯ ಪೂರ್ವಕ್ಕಿರುವ ಯಾದಗಿರಿ ಜಿಲ್ಲೆಯ ಕಿರದಳ್ಳಿ ತಾಂಡಾದ ಕೊಳವೆಬಾವಿಗಳ ನೀರಿನಲ್ಲಿ ಇದು ಮಿತಿಮೀರಿದ್ದು, ಅಲ್ಲಿಯ ಜನರ ಚರ್ಮದಲ್ಲಿ ವಿಕಾರಗಳುಂಟಾದುದನ್ನು 2013ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಕುಡಿಯುವ ನೀರಿನಲ್ಲಿ ಲೀಟರಿಗೆ 10 ಮೈಕ್ರೋಗ್ರಾಮಿಗಿಂತ ಹೆಚ್ಚು ಆರ್ಸೆನಿಕ್ ಇರಕೂಡದೆಂದು ವಿಶ್ವ ಆರೋಗ್ಯ ಸಂಸ್ಥೆಯ ಸೂಚನೆ. ಅಂಗೈ ಅಂಗಾಲುಗಳಲ್ಲಿ ಆಣಿಯಂಥ ಗಂಟುಗಳು, ಮೈಮೇಲೆ ಮಳೆಹನಿ ಬಿದ್ದಂಥ ಚುಕ್ಕೆಗಳು ಇದರ ಗುರುತು. ವರ್ಷಗಳ ಮೇಲೆ ಅವುಗಳಲ್ಲಿ ಏಡಿಗಂತಿ ಹುಟ್ಟಬಹುದು. ನೀರನ್ನು ಕುದಿಸಿದರೆ ಈ ವಿಷ ಹೋಗುವುದಿಲ್ಲವೆಂಬುದನ್ನು ನೆನಪಿಡಬೇಕು.

ಪರೀಕ್ಷೆ ಮತ್ತು ಚಿಕಿತ್ಸೆ

ಒಂದು ತಿಂಗಳಾದರೂ ಮಾಯದ ಹುಣ್ಣು, ಮಾಯ್ದಂತೆ ತೋರಿ ಮತ್ತೆ ಒಡೆಯುವ ಹುಣ್ಣು, ಹಳೆಯ ಕಲೆಯಲ್ಲಿ ಎದ್ದ ಗಂಟು, ಬೆಳೆಯುತ್ತಿರುವ ಮಚ್ಚೆ: ಇವುಗಳಲ್ಲಿ ಯಾವುದಿದ್ದರೂ ವೈದ್ಯರಿಗೆ ತೋರಿಸಬೇಕು. ಅವರು ಅದರ ಚೂರೊಂದನ್ನು ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುವರು. ಇದೇ ಬಯಾಪ್ಸಿ. “ಚೂರು ತೆಗೆದರೆ ರೋಗ ಕೆರಳುತ್ತದೆ” ಎಂಬ ಮಾತು ನಿರಾಧಾರವಾದುದು.

ಮುಖ್ಯ ಚಿಕಿತ್ಸೆ ಶಸ್ತ್ರಕ್ರಿಯೆ. ಗಂಟಿನ ಸುತ್ತ ನಾಲ್ಕರಿಂದ ಆರು ಮಿಲಿಮೀಟರಿನಷ್ಟು ಒಳ್ಳೆಯ ಚರ್ಮವನ್ನೂ ಸೇರಿಸಿ ಕತ್ತರಿಸುವರು. ದೊಡ್ಡ ಅಥವಾ ಉಗ್ರ ಗಂಟುಗಳಿಗೆ ಇನ್ನೂ ಹೆಚ್ಚು. ಬೇಗನೆ ಬಂದವರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿ ಪೂರ್ಣವಾಗಿ ಗುಣಹೊಂದುತ್ತಾರೆ. ಮೂಗು, ಕಣ್ಣುಗಳ ಬಳಿ ಪದರಪದರವಾಗಿ ಕತ್ತರಿಸಿ, ಆಗಿಂದಾಗಲೇ ಪರೀಕ್ಷಿಸುವ ಮೋಸ್ ಪದ್ಧತಿಯು ಉತ್ತಮ. ತೀರ ಮೇಲುಪದರದ ರೋಗವನ್ನು ದ್ರವ ಸಾರಜನಕದಿಂದ ಹೆಪ್ಪುಗಟ್ಟಿಸಿ ಅಥವಾ ಮುಲಾಮುಗಳಿಂದ ನಾಶಮಾಡಬಹುದು. ಶಸ್ತ್ರಕ್ರಿಯೆಗೆ ಒಗ್ಗದವರಿಗೆ ವಿಕಿರಣ ಚಿಕಿತ್ಸೆಯುಂಟು. ಆದರೆ ಜೀರೋಡರ್ಮದ ಮಕ್ಕಳಿಗೆ ವಿಕಿರಣವನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಹರಡಿದ ರೋಗಕ್ಕೂ 2012ರಿಂದೀಚೆಗೆ ಹೊಸ ಔಷಧಿಗಳು ಬಂದಿವೆ. ಅವುಗಳ ಬೆಲೆ ಮಾತ್ರ ಬಹಳ.

ಬಾಗಲಕೋಟೆಯ ಹಾನಗಲ್ಲ ಶ್ರೀ ಕುಮಾರೇಶ್ವರ ಆಸ್ಪತ್ರೆ, ಹುಬ್ಬಳ್ಳಿಯ ಕರ್ನಾಟಕ ಕ್ಯಾನ್ಸರ್ ಚಿಕಿತ್ಸಾ ಮತ್ತು ಸಂಶೋಧನಾ ಸಂಸ್ಥೆ, ಬೆಂಗಳೂರಿನ ಕಿದ್ವಾಯಿ ಸಂಸ್ಥೆಗಳು ಈ ಸೀಮೆಯವರಿಗೆ ತಿಳಿದವುಗಳೇ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಡ ಕುಟುಂಬಗಳ ಕ್ಯಾನ್ಸರ್ ಚಿಕಿತ್ಸೆಗೂ ನೆರವುಂಟು.

ಒಳಗಿನ ಅಂಗಗಳ ಏಡಿಗಂತಿಯನ್ನು ಕಾಣಲು ಯಂತ್ರಗಳು ಬೇಕು. ಚರ್ಮದ ಏಡಿಗಂತಿಯಾದರೋ ಬರಿಗಣ್ಣಿಗೇ ಕಾಣುತ್ತದೆ. ತಿಂಗಳಿಗೊಮ್ಮೆ ನಮ್ಮ ಮೈಯನ್ನೂ, ಮನೆಯ ಹಿರಿಯರ ಕಾಲು, ಬೆನ್ನು, ಸೊಂಟಗಳನ್ನೂ ಒಳ್ಳೆಯ ಬೆಳಕಿನಲ್ಲಿ ನೋಡುವುದಕ್ಕೆ ಖರ್ಚೇನೂ ಇಲ್ಲ. ಸಂಕೋಚದಿಂದ ತೋರಿಸದೆ ಇರುವ ಹುಣ್ಣುಗಳನ್ನು ಅಕ್ಕರೆಯಿಂದ ಕೇಳಿ ತಿಳಿಯುವುದು ಮನೆಯ ಕಿರಿಯರ ಕರ್ತವ್ಯ.